ಫಲನಗಳ ಸಂಯೋಜನೆ ಮತ್ತು ವಿಲೋಮ ಫಲನ: ಹಂತಹಂತದ ಸಮಗ್ರ ಮಾರ್ಗದರ್ಶಿ

‘ವಿಲೋಮ ಫಲನವನ್ನು ಕಂಡುಹಿಡಿಯಿರಿ’ ಎಂಬ ಪ್ರಶ್ನೆ ಎದುರಾದ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳು ಮಾಡುವ ಮೊದಲ ಕೆಲಸವೆಂದರೆ ಎರಡು ಚರಾಕ್ಷರಗಳನ್ನು ಅದಲುಬದಲು ಮಾಡಿ ಸಮೀಕರಣವನ್ನು ಬಿಡಿಸಲು ತೊಡಗುವುದು. ಸುಲಭದ ಲೆಕ್ಕಗಳಲ್ಲಿ ಇದರಿಂದ ಸರಿಯುತ್ತರವೇ ಬರುತ್ತದೆ. ಆದರೆ ಏಕೆ ಅದಲುಬದಲು ಮಾಡಬೇಕು, ಬಂದ ಉತ್ತರ ನಿಜಕ್ಕೂ ವಿಲೋಮವೇ ಎಂದು ಹೇಗೆ ತಾಳೆ ನೋಡಬೇಕು, ಎಲ್ಲಿ ವಿಲೋಮವೇ ಇರುವುದಿಲ್ಲ ಎಂಬ ಪ್ರಶ್ನೆಗಳಿಗೆ ಈ ಕೈಚಳಕ ಉತ್ತರ ಕೊಡುವುದಿಲ್ಲ. ನನ್ನ ದೃಢವಾದ ಅಭಿಪ್ರಾಯವೆಂದರೆ, ಮೊದಲು ಸಂಯೋಜನೆಯನ್ನು ಚೆನ್ನಾಗಿ ಕಲಿತವರಿಗೆ ವಿಲೋಮವನ್ನು ಬೇರೆಯಾಗಿ ಕಲಿಯುವ ಕಷ್ಟ ಉಳಿಯುವುದಿಲ್ಲ, ಏಕೆಂದರೆ ವಿಲೋಮದ ವ್ಯಾಖ್ಯೆಯೇ ಸಂಯೋಜನೆಯ ಮೇಲೆ ನಿಂತಿದೆ. ಆದ್ದರಿಂದ ಇಲ್ಲಿ ಅದೇ ಕ್ರಮವನ್ನು ಅನುಸರಿಸಲಾಗಿದೆ.

ಬರವಣಿಗೆಯ ಸಂಕೇತಗಳ ಬಗ್ಗೆ ಒಂದು ಮಾತು. ಫಂಕ್ಷನ್ ಎಂಬುದನ್ನು ಕನ್ನಡದಲ್ಲಿ ಕೆಲವರು ಉತ್ಪನ್ನ ಎನ್ನುತ್ತಾರೆ, ಕೆಲವರು ಫಲನ ಎನ್ನುತ್ತಾರೆ. ಇಲ್ಲಿ ಫಲನ ಎಂಬ ಪದವನ್ನೇ ಬಳಸಿದ್ದೇನೆ. ಫಲನಗಳಿಗೆ ಫ, ಗ, ಹ ಎಂದೂ, ಚರಾಕ್ಷರಗಳಿಗೆ ಕ್ಷ, ಯ ಎಂದೂ ಹೆಸರಿಟ್ಟಿದ್ದೇನೆ. ‘ಕ್ಷ-ಕಿರಣ’ ಎಂಬ ಮಾತು ರೂಢಿಯಲ್ಲಿರುವುದರಿಂದ ಈ ಅಕ್ಷರ ಯಾವುದರ ಸ್ಥಾನದಲ್ಲಿ ನಿಂತಿದೆ ಎಂಬುದು ಓದುಗರಿಗೆ ತಿಳಿದೇ ಇರುತ್ತದೆ.

ಹಂತ 1: ಫಲನವೆಂದರೆ ನಿಯಮ ಮಾತ್ರವಲ್ಲ

ಒಂದು ಗಣದ ಪ್ರತಿಯೊಂದು ಅಂಶಕ್ಕೂ ಇನ್ನೊಂದು ಗಣದ ಒಂದೇ ಒಂದು ಅಂಶವನ್ನು ಜೋಡಿಸುವ ನಿಯಮವೇ ಫಲನ. ಫ(ಕ್ಷ) = 2ಕ್ಷ + 3 ಎಂದು ಬರೆದಾಗ, ಕೊಟ್ಟ ಸಂಖ್ಯೆಯನ್ನು ಇಮ್ಮಡಿಗೊಳಿಸಿ 3 ಕೂಡಿಸಬೇಕು ಎಂದು ಅರ್ಥ. ಆವರಣದ ಒಳಗೆ ಚರಾಕ್ಷರವನ್ನಿಡುವ ಈ ಸಂಕೇತವನ್ನು ಲಿಯೊನಾರ್ಡ್ ಆಯ್ಲರ್ 1734ರಲ್ಲಿ ಬಳಕೆಗೆ ತಂದರು. ಇಲ್ಲಿ ಕ್ಷ ಎಂಬುದು ಖಾಲಿ ಜಾಗದ ಗುರುತು ಮಾತ್ರ. ಆ ಜಾಗದಲ್ಲಿ 5 ಬಂದರೆ ಫ(5) = 13; ಅಲ್ಲಿ (ಕ್ಷ − 1) ಎಂಬ ಬೀಜೋಕ್ತಿಯೇ ಬಂದರೆ ಫ(ಕ್ಷ − 1) = 2(ಕ್ಷ − 1) + 3 = 2ಕ್ಷ + 1. ಖಾಲಿ ಜಾಗಕ್ಕೆ ಏನನ್ನು ಬೇಕಾದರೂ ಇಡಬಹುದು ಎಂಬ ಈ ಸರಳ ತಿಳಿವಳಿಕೆಯೇ ಸಂಯೋಜನೆಯ ಬೀಜ.

ನಿಯಮದ ಜೊತೆಗೆ ಇನ್ನೆರಡು ಸಂಗತಿಗಳನ್ನು ಸದಾ ನೆನಪಿನಲ್ಲಿಡಬೇಕು. ಫಲನಕ್ಕೆ ಯಾವ ಯಾವ ಸಂಖ್ಯೆಗಳನ್ನು ಕೊಡಬಹುದೋ ಅವೆಲ್ಲವೂ ಸೇರಿ ಅದರ ಕ್ಷೇತ್ರ, ಅಂದರೆ ಡೊಮೈನ್. ಫಲನದಿಂದ ನಿಜವಾಗಿ ಹೊರಬರುವ ಸಂಖ್ಯೆಗಳೆಲ್ಲವೂ ಸೇರಿ ಅದರ ವ್ಯಾಪ್ತಿ, ಅಂದರೆ ರೇಂಜ್. ನಿಯಮ ಒಂದೇ ಆಗಿದ್ದು ಕ್ಷೇತ್ರ ಬೇರೆಯಾದರೆ ಫಲನವೂ ಬೇರೆಯೇ. ಎಲ್ಲ ವಾಸ್ತವ ಸಂಖ್ಯೆಗಳ ಮೇಲಿನ ಕ್ಷ² ಮತ್ತು ಋಣವಲ್ಲದ ಸಂಖ್ಯೆಗಳ ಮೇಲಿನ ಕ್ಷ² ಇವೆರಡೂ ಒಂದೇ ಎಂದು ಭಾವಿಸಿದವರು ಮುಂದೆ ವಿಲೋಮದ ಹೊತ್ತಿಗೆ ಖಂಡಿತವಾಗಿ ಎಡವುತ್ತಾರೆ.

ಹಂತ 2: ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಕೊಡುವುದು

ಗ ಫಲನದಿಂದ ಹೊರಬಂದ ಸಂಖ್ಯೆಯನ್ನು ನೇರವಾಗಿ ಫ ಫಲನಕ್ಕೆ ಕೊಟ್ಟರೆ ಸಿಗುವ ಹೊಸ ಫಲನವನ್ನು ಫ ಮತ್ತು ಗ ಇವುಗಳ ಸಂಯೋಜನೆ ಅಥವಾ ಸಂಯುಕ್ತ ಫಲನ ಎನ್ನುತ್ತಾರೆ. ಅದನ್ನು ಫ∘ಗ ಎಂದು ಬರೆಯುತ್ತಾರೆ; (ಫ∘ಗ)(ಕ್ಷ) = ಫ(ಗ(ಕ್ಷ)) ಎಂಬುದೇ ಅದರ ಅರ್ಥ. ಬರವಣಿಗೆಯಲ್ಲಿ ಫ ಮೊದಲು ಕಂಡರೂ ಕೆಲಸ ಮೊದಲು ಮಾಡುವುದು ಕ್ಷ-ಗೆ ಹತ್ತಿರವಿರುವ ಗ. ನಾವು ಎಡದಿಂದ ಬಲಕ್ಕೆ ಓದುತ್ತೇವೆ, ಆದರೆ ಸಂಯೋಜನೆ ಬಲದಿಂದ ಎಡಕ್ಕೆ, ಒಳಗಿನಿಂದ ಹೊರಕ್ಕೆ ನಡೆಯುತ್ತದೆ. ಮೊದಮೊದಲು ‘ಗ ಮಾಡಿದ ಮೇಲೆ ಫ’ ಎಂದು ಬಾಯಲ್ಲಿ ಹೇಳಿಕೊಂಡೇ ಲೆಕ್ಕ ಮಾಡುವುದು ಒಳ್ಳೆಯ ಅಭ್ಯಾಸ.

ಫ(ಕ್ಷ) = 2ಕ್ಷ + 3 ಮತ್ತು ಗ(ಕ್ಷ) = ಕ್ಷ² ಎಂದಿಟ್ಟುಕೊಳ್ಳೋಣ. ಕ್ಷ = 4 ಆದಾಗ ಗ(4) = 16, ಆಮೇಲೆ ಫ(16) = 35. ಕ್ರಮವನ್ನು ತಿರುಗಿಸಿದರೆ ಫ(4) = 11, ಆಮೇಲೆ ಗ(11) = 121. ಬೀಜೋಕ್ತಿಗಳಲ್ಲಿ ಹೇಳುವುದಾದರೆ:

(ಫ∘ಗ)(ಕ್ಷ) = 2ಕ್ಷ² + 3
(ಗ∘ಫ)(ಕ್ಷ) = (2ಕ್ಷ + 3)² = 4ಕ್ಷ² + 12ಕ್ಷ + 9

ಸಂಯೋಜನೆಗೆ ಪರಿವರ್ತನೀಯ ನಿಯಮ ಅನ್ವಯಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎರಡೂ ಬೀಜೋಕ್ತಿಗಳನ್ನು ಸಮವೆಂದಿಟ್ಟು ಬಿಡಿಸಿದರೆ ಕ್ಷ² + 6ಕ್ಷ + 3 = 0 ಎಂಬ ಸಮೀಕರಣ ಬರುತ್ತದೆ, ಅದಕ್ಕೆ ಕ್ಷ = −3 + √6 ಮತ್ತು ಕ್ಷ = −3 − √6 ಎಂಬ ಎರಡು ಮೂಲಗಳಿವೆ. ಆ ಎರಡು ಸಂಖ್ಯೆಗಳಲ್ಲಿ ಮಾತ್ರ ಎರಡೂ ಸಂಯೋಜನೆಗಳ ಬೆಲೆ ಒಂದೇ ಆಗುತ್ತದೆ. ಒಂದೆರಡು ಸಂಖ್ಯೆಗಳಲ್ಲಿ ಬೆಲೆ ಹೊಂದಿಕೆಯಾದ ಮಾತ್ರಕ್ಕೆ ಎರಡು ಫಲನಗಳು ಸಮವಾಗುವುದಿಲ್ಲ. ಕ್ಷೇತ್ರದ ಪ್ರತಿಯೊಂದು ಸಂಖ್ಯೆಯಲ್ಲಿಯೂ ಹೊಂದಿಕೆಯಾಗಬೇಕು.

ವಿದ್ಯಾರ್ಥಿಗಳ ನೋಟ್‌ಬುಕ್‌ಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಆವರಣವನ್ನು ಕೈಬಿಡುವುದು. ಗ∘ಫ ಬರೆಯುವಾಗ (2ಕ್ಷ + 3)² ಎನ್ನುವ ಬದಲು 2ಕ್ಷ² + 3 ಎಂದೋ, 2ಕ್ಷ + 3² ಎಂದೋ ಬರೆದುಬಿಡುತ್ತಾರೆ. ಒಳಗಿನ ಫಲನವನ್ನು ಆದೇಶಿಸುವಾಗ, ಅಂದರೆ ಚರಾಕ್ಷರದ ಜಾಗದಲ್ಲಿ ಇಡುವಾಗ, ಅದನ್ನು ಇಡಿಯಾಗಿ ಆವರಣದೊಳಗೆ ಬರೆದು, ಆಮೇಲೆ ವಿಸ್ತರಿಸಬೇಕು. ಸಂದೇಹ ಬಂದರೆ ಒಂದು ಸಣ್ಣ ಸಂಖ್ಯೆಯನ್ನು ಎರಡೂ ಕಡೆ ಹಾಕಿ ನೋಡಿದರೆ ಸಾಕು, ತಪ್ಪು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ.

ಕ್ರಮ ಬದಲಾಯಿಸುವಂತಿಲ್ಲವಾದರೂ ಗುಂಪು ಬದಲಾಯಿಸಬಹುದು: (ಫ∘ಗ)∘ಹ ಮತ್ತು ಫ∘(ಗ∘ಹ) ಎರಡೂ ಒಂದೇ. ಏಕೆಂದರೆ ಎರಡರಲ್ಲಿಯೂ ಮೊದಲು ಹ, ಆಮೇಲೆ ಗ, ಕೊನೆಗೆ ಫ ಕೆಲಸ ಮಾಡುತ್ತವೆ. ಈ ಸಹವರ್ತನೀಯ ನಿಯಮ ಮುಂದೆ ಉಪಯೋಗಕ್ಕೆ ಬರುತ್ತದೆ.

ಹಂತ 3: ಸಂಯೋಜನೆಯ ಕ್ಷೇತ್ರವನ್ನು ನಿರ್ಧರಿಸುವುದು

ಈ ಅಧ್ಯಾಯದಲ್ಲಿ ಅತಿ ಹೆಚ್ಚು ಅಂಕಗಳು ಕಳೆದುಹೋಗುವ ಜಾಗ ಇದು. ಫ∘ಗ ಎಂಬುದಕ್ಕೆ ಒಂದು ಸಂಖ್ಯೆಯನ್ನು ಕೊಡಬೇಕಾದರೆ ಎರಡು ಷರತ್ತುಗಳು ಪೂರೈಸಬೇಕು: ಆ ಸಂಖ್ಯೆ ಗ-ದ ಕ್ಷೇತ್ರದಲ್ಲಿರಬೇಕು, ಮತ್ತು ಹೊರಬಂದ ಗ(ಕ್ಷ) ಎಂಬುದು ಫ-ದ ಕ್ಷೇತ್ರದಲ್ಲಿರಬೇಕು.

ಫ(ಕ್ಷ) = 1/(ಕ್ಷ − 3) ಮತ್ತು ಗ(ಕ್ಷ) = √(ಕ್ಷ − 1) ಆಗಿರಲಿ. ಗ-ದ ಒಳಗೆ ಹೋಗಲು ಕ್ಷ ≥ 1 ಆಗಿರಬೇಕು. ಹೊರಬರುವ √(ಕ್ಷ − 1) ಎಂಬುದು 3 ಆಗಕೂಡದು, ಏಕೆಂದರೆ ಆಗ ಫ-ದ ಛೇದ ಸೊನ್ನೆಯಾಗುತ್ತದೆ. √(ಕ್ಷ − 1) = 3 ಆಗುವುದು ಕ್ಷ = 10 ಆದಾಗ. ಆದ್ದರಿಂದ ಫ∘ಗ-ದ ಕ್ಷೇತ್ರ ಎಂದರೆ 10ನ್ನು ಬಿಟ್ಟು, 1 ಮತ್ತು ಅದಕ್ಕಿಂತ ದೊಡ್ಡದಾದ ಎಲ್ಲ ವಾಸ್ತವ ಸಂಖ್ಯೆಗಳು.

ಈಗ ಇದೇ ಜೋಡಿಯನ್ನು ತಿರುಗಿಸಿ ನೋಡೋಣ. ಗ∘ಫ-ದಲ್ಲಿ ಮೊದಲು ಕ್ಷ ≠ 3 ಬೇಕು, ಆಮೇಲೆ 1/(ಕ್ಷ − 3) ≥ 1 ಆಗಬೇಕು. ಕ್ಷ − 3 ಋಣಸಂಖ್ಯೆಯಾದರೆ ಎಡಭಾಗವೂ ಋಣವಾಗುವುದರಿಂದ ಅಸಮತೆ ಕೆಡುತ್ತದೆ. ಅದು ಧನಸಂಖ್ಯೆಯಾಗಿದ್ದು 1ನ್ನು ಮೀರದಿದ್ದರೆ ಮಾತ್ರ ಅಸಮತೆ ನಿಲ್ಲುತ್ತದೆ. ಹೀಗಾಗಿ ಕ್ಷೇತ್ರ 3 < ಕ್ಷ ≤ 4 ಎಂಬ ಪುಟ್ಟ ಅಂತರಕ್ಕೆ ಕುಗ್ಗುತ್ತದೆ. ಬರಿಯ ಕ್ರಮ ಬದಲಾದದ್ದಕ್ಕೆ ಕ್ಷೇತ್ರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಾಯಿತು.

ಸರಳೀಕರಿಸಿದ ಉತ್ತರವನ್ನು ನೋಡಿ ಕ್ಷೇತ್ರವನ್ನು ಹೇಳುವುದು ಅಪಾಯಕಾರಿ. ಫ(ಕ್ಷ) = 1/ಕ್ಷ ಆದರೆ (ಫ∘ಫ)(ಕ್ಷ) = ಕ್ಷ ಎಂದು ಬರುತ್ತದೆ. ಬರಿಯ ‘ಕ್ಷ’ ನೋಡಿದವರು ಎಲ್ಲ ಸಂಖ್ಯೆಗಳೂ ಸಲ್ಲುತ್ತವೆ ಎನ್ನಬಹುದು, ಆದರೆ ಸೊನ್ನೆ ಮೊದಲ ಬಾಗಿಲಲ್ಲೇ ತಡೆಯಲ್ಪಡುತ್ತದೆ. ಕ್ಷೇತ್ರವನ್ನು ಯಾವಾಗಲೂ ಸರಳೀಕರಣಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು.

ಹಂತ 4: ದೊಡ್ಡ ಫಲನವನ್ನು ಸಣ್ಣ ಕ್ರಿಯೆಗಳಾಗಿ ಬಿಡಿಸುವುದು

ಹ(ಕ್ಷ) = ((2ಕ್ಷ − 1)³ + 5)/4 ಎಂಬ ಫಲನವನ್ನು ನೋಡಿ. ಒಂದು ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಇದರೊಳಗೆ ನಡೆದುಹೋದರೆ ಐದು ಹೆಜ್ಜೆಗಳು ಕಾಣುತ್ತವೆ: ಇಮ್ಮಡಿಸು, 1 ಕಳೆ, ಘನ ಮಾಡು, 5 ಕೂಡು, 4ರಿಂದ ಭಾಗಿಸು. ಕ್ಷ = 2 ಎಂದರೆ 2 → 4 → 3 → 27 → 32 → 8. ಪ್ರತಿಯೊಂದು ಹೆಜ್ಜೆಯೂ ಒಂದು ಪುಟ್ಟ ಫಲನ. ಹ ಎಂಬುದು ಆ ಐದರ ಸಂಯೋಜನೆ.

ಈಗ ಹೊರಬಂದ 8 ಮಾತ್ರ ನಮ್ಮ ಕೈಯಲ್ಲಿದ್ದು, ಒಳಹೋದದ್ದು ಏನೆಂದು ತಿಳಿಯಬೇಕಾದರೆ ಮಾಡಬೇಕಾದದ್ದು ಇಷ್ಟೇ: ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ನಡೆಯುತ್ತಾ ಪ್ರತಿ ಕ್ರಿಯೆಯನ್ನೂ ಅದರ ಎದುರು ಕ್ರಿಯೆಯಿಂದ ಬಿಚ್ಚುವುದು. 4ರಿಂದ ಗುಣಿಸಿದರೆ 32, 5 ಕಳೆದರೆ 27, ಘನಮೂಲ ತೆಗೆದರೆ 3, 1 ಕೂಡಿಸಿದರೆ 4, ಅರ್ಧ ಮಾಡಿದರೆ 2. ಇದೇ ನಡಿಗೆಯನ್ನು ಕ್ಷ ಇಟ್ಟು ಬರೆದರೆ ವಿಲೋಮ ಫಲನ ಸಿದ್ಧವಾಗುತ್ತದೆ:

ಹ⁻¹(ಕ್ಷ) = (∛(4ಕ್ಷ − 5) + 1)/2

ಈ ವಿಧಾನ ಹೊಸದಲ್ಲ. ಆರ್ಯಭಟ 499ರ ಸುಮಾರಿಗೆ ರಚಿಸಿದ ಗ್ರಂಥದ ಗಣಿತಪಾದದಲ್ಲಿ ವಿಲೋಮ ಕ್ರಿಯೆಯ ಸೂತ್ರವಿದೆ: ಗುಣಿಸಿದ್ದಲ್ಲಿ ಭಾಗಿಸಬೇಕು, ಭಾಗಿಸಿದ್ದಲ್ಲಿ ಗುಣಿಸಬೇಕು, ಕೂಡಿದ್ದನ್ನು ಕಳೆಯಬೇಕು, ಕಳೆದದ್ದನ್ನು ಕೂಡಬೇಕು ಎಂಬುದು ಅದರ ಸಾರಾಂಶ. ನಾವಿಂದು ಬಳಸುವ ‘ವಿಲೋಮ’ ಎಂಬ ಪದದ ಹಿಂದೆ ಇಷ್ಟು ಉದ್ದದ ಪರಂಪರೆಯಿದೆ.

ಹಂತ 5: ವಿಲೋಮದ ನಿಖರವಾದ ವ್ಯಾಖ್ಯೆ

ಕೊಟ್ಟದ್ದನ್ನು ಇದ್ದಂತೆಯೇ ಹಿಂತಿರುಗಿಸುವ ಫಲನಕ್ಕೆ ಅನನ್ಯತಾ ಫಲನ ಎಂದು ಹೆಸರು. ಸಂಖ್ಯೆಗಳ ಗುಣಾಕಾರದಲ್ಲಿ 1 ಇರುವಂತೆ ಸಂಯೋಜನೆಯಲ್ಲಿ ಈ ಫಲನ. ಫ ಮತ್ತು ಗ ಎಂಬ ಎರಡು ಫಲನಗಳಲ್ಲಿ,

ಗ(ಫ(ಕ್ಷ)) = ಕ್ಷ, ಫ-ದ ಕ್ಷೇತ್ರದ ಪ್ರತಿ ಕ್ಷ-ಗೂ;
ಫ(ಗ(ಕ್ಷ)) = ಕ್ಷ, ಗ-ದ ಕ್ಷೇತ್ರದ ಪ್ರತಿ ಕ್ಷ-ಗೂ

ಆಗುವುದಾದರೆ ಅವು ಒಂದಕ್ಕೊಂದು ವಿಲೋಮ. ಗ-ಯನ್ನು ಆಗ ಫ⁻¹ ಎಂದು ಬರೆಯುತ್ತಾರೆ. ಫ-ದ ಕ್ಷೇತ್ರವು ಫ⁻¹-ದ ವ್ಯಾಪ್ತಿಯಾಗುತ್ತದೆ, ಫ-ದ ವ್ಯಾಪ್ತಿಯು ಫ⁻¹-ದ ಕ್ಷೇತ್ರವಾಗುತ್ತದೆ.

ಎರಡು ಸಮೀಕರಣಗಳೂ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಎಲ್ಲ ವಾಸ್ತವ ಸಂಖ್ಯೆಗಳ ಮೇಲೆ ಫ(ಕ್ಷ) = ಕ್ಷ² ಎಂದೂ, ಋಣವಲ್ಲದ ಸಂಖ್ಯೆಗಳ ಮೇಲೆ ಗ(ಕ್ಷ) = √ಕ್ಷ ಎಂದೂ ಇರಲಿ. ಫ(ಗ(ಕ್ಷ)) = (√ಕ್ಷ)² = ಕ್ಷ; ಒಂದು ಕಡೆ ಸರಿಹೋಯಿತು. ಆದರೆ ಗ(ಫ(−5)) = √25 = 5; ನಾವು ಕೊಟ್ಟದ್ದು −5, ಮರಳಿ ಬಂದದ್ದು 5. √(ಕ್ಷ²) ಎಂಬುದು ಕ್ಷ ಅಲ್ಲ, ಅದು ಕ್ಷ-ದ ಪರಮ ಮೌಲ್ಯ. ಹೀಗೆ ಒಂದೇ ದಿಕ್ಕಿನಲ್ಲಿ ತಾಳೆ ನೋಡಿದವರಿಗೆ ಈ ಜೋಡಿ ವಿಲೋಮದಂತೆ ಕಾಣುತ್ತದೆ, ಎರಡೂ ದಿಕ್ಕಿನಲ್ಲಿ ನೋಡಿದವರಿಗೆ ಮಾತ್ರ ಸತ್ಯ ತಿಳಿಯುತ್ತದೆ.

ಇನ್ನು ಸಂಕೇತದ ವಿಷಯ. ಫ⁻¹ ಎಂಬಲ್ಲಿನ −1 ಘಾತಸೂಚಿಯಲ್ಲ. ಫ⁻¹(ಕ್ಷ) ಎಂದರೆ 1/ಫ(ಕ್ಷ) ಅಲ್ಲ. ಫ(ಕ್ಷ) = 2ಕ್ಷ + 3 ಆದಾಗ ಫ⁻¹(5) = 1, ಆದರೆ 1/ಫ(5) = 1/13. ಎರಡನೆಯದು ವ್ಯುತ್ಕ್ರಮ, ಅದಕ್ಕೂ ವಿಲೋಮಕ್ಕೂ ಸಂಬಂಧವಿಲ್ಲ. ಈ ಸಂಕೇತವನ್ನು 1813ರಲ್ಲಿ ಜಾನ್ ಹರ್ಷೆಲ್ ತ್ರಿಕೋನಮಿತಿಯ ಫಲನಗಳಿಗೆ ಬಳಸಿದರು. ಸಂಯೋಜನೆಯನ್ನು ಗುಣಾಕಾರದಂತೆ ಕಂಡರೆ, ಫ∘ಫ⁻¹ ಅನನ್ಯತೆಯನ್ನು ಕೊಡುವುದರಿಂದ −1 ಎಂಬ ಗುರುತು ಒಪ್ಪುವಂಥದ್ದೇ. ಆದರೂ ಸೈನ್ ಮೇಲೆ 2 ಎಂದು ಬರೆದರೆ ವರ್ಗ, −1 ಎಂದು ಬರೆದರೆ ವಿಲೋಮ ಎಂಬ ರೂಢಿ ಕಲಿಯುವವರನ್ನು ಗೊಂದಲಕ್ಕೆ ದೂಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಂತ 6: ವಿಲೋಮ ಇದೆಯೇ ಎಂದು ಮೊದಲು ಪರೀಕ್ಷಿಸುವುದು

ಎರಡು ಬೇರೆ ಬೇರೆ ಸಂಖ್ಯೆಗಳು ಒಂದೇ ಉತ್ತರವನ್ನು ಕೊಟ್ಟರೆ, ಆ ಉತ್ತರದಿಂದ ಹಿಂದಿರುಗುವಾಗ ಯಾವುದಕ್ಕೆ ಹೋಗಬೇಕು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ವಿಲೋಮ ಇರಬೇಕಾದರೆ ಫಲನವು ಏಕ-ಏಕವಾಗಿರಬೇಕು: ಫ(ಅ) = ಫ(ಬ) ಆದರೆ ಅ = ಬ ಆಗಲೇಬೇಕು. ಫಲನಕ್ಕೆ ಸಹಕ್ಷೇತ್ರವೊಂದನ್ನು, ಅಂದರೆ ಉತ್ತರಗಳು ಬೀಳಬೇಕಾದ ಗಣವನ್ನು (ಕೊಡೊಮೈನ್), ಮೊದಲೇ ಗೊತ್ತುಪಡಿಸಿದ್ದರೆ, ಅದರ ಪ್ರತಿಯೊಂದು ಅಂಶಕ್ಕೂ ಫಲನ ತಲುಪಬೇಕು, ಅಂದರೆ ಮೇಲಣ ಫಲನವಾಗಿರಬೇಕು ಎಂಬ ಎರಡನೆಯ ಷರತ್ತೂ ಸೇರುತ್ತದೆ. ನಕ್ಷೆ ಎದುರಿಗಿದ್ದರೆ ಅಡ್ಡಗೆರೆ ಪರೀಕ್ಷೆ ಸಾಕು: ಯಾವುದೇ ಅಡ್ಡಗೆರೆ ನಕ್ಷೆಯನ್ನು ಒಂದಕ್ಕಿಂತ ಹೆಚ್ಚು ಬಿಂದುಗಳಲ್ಲಿ ಕಡಿಯಬಾರದು.

ಫ(ಕ್ಷ) = (3ಕ್ಷ + 2)/(ಕ್ಷ − 4), ಕ್ಷ ≠ 4, ಎಂಬುದನ್ನು ಪರೀಕ್ಷಿಸೋಣ. ಫ(ಅ) = ಫ(ಬ) ಎಂದಿಟ್ಟು ಓರೆ ಗುಣಾಕಾರ ಮಾಡಿದರೆ,

3ಅಬ − 12ಅ + 2ಬ − 8 = 3ಅಬ − 12ಬ + 2ಅ − 8

ಎಂದು ಬರುತ್ತದೆ. ಸಮಾನ ಪದಗಳು ಹೊಡೆದುಹೋಗಿ 14ಬ = 14ಅ, ಅಂದರೆ ಅ = ಬ ಉಳಿಯುತ್ತದೆ. ಫಲನ ಏಕ-ಏಕವಾಗಿದೆ, ಮುಂದುವರಿಯಬಹುದು.

ಹಂತ 7: ವಿಲೋಮವನ್ನು ಕಂಡುಹಿಡಿಯುವುದು

ಇದೇ ಫಲನದಲ್ಲಿ ಕ್ಷ ಎರಡು ಕಡೆ ಬಂದಿರುವುದರಿಂದ ಹಂತ 4ರಂತೆ ಹೆಜ್ಜೆಗಳನ್ನು ನೇರವಾಗಿ ಹಿಂದಕ್ಕೆ ಬಿಚ್ಚಲಾಗುವುದಿಲ್ಲ. ಇಂಥಲ್ಲಿ ಬೀಜಗಣಿತದ ಮಾರ್ಗ ಬೇಕು. ಯ = (3ಕ್ಷ + 2)/(ಕ್ಷ − 4) ಎಂದು ಬರೆದು, ಯ ಗೊತ್ತಿದೆ, ಕ್ಷ ಬೇಕು ಎಂಬ ದೃಷ್ಟಿಯಿಂದ ಬಿಡಿಸಬೇಕು.

ಯ(ಕ್ಷ − 4) = 3ಕ್ಷ + 2
ಕ್ಷಯ − 4ಯ = 3ಕ್ಷ + 2
ಕ್ಷಯ − 3ಕ್ಷ = 4ಯ + 2
ಕ್ಷ(ಯ − 3) = 4ಯ + 2
ಕ್ಷ = (4ಯ + 2)/(ಯ − 3)

ಮೂರನೆಯ ಸಾಲೇ ಇಲ್ಲಿಯ ಕೀಲಿ: ಕ್ಷ ಇರುವ ಪದಗಳನ್ನೆಲ್ಲ ಒಂದೇ ಕಡೆಗೆ ತಂದು, ನಾಲ್ಕನೆಯ ಸಾಲಿನಲ್ಲಿ ಅದನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆದಿದ್ದೇವೆ. ಲೆಕ್ಕ ಇಲ್ಲಿಗೇ ಮುಗಿಯಿತು. ಒಳಹೋಗುವ ಸಂಖ್ಯೆಯನ್ನು ಕ್ಷ ಎಂದು ಕರೆಯುವ ರೂಢಿಯಿರುವುದರಿಂದ ಮಾತ್ರ ಅಕ್ಷರ ಬದಲಿಸಿ ಫ⁻¹(ಕ್ಷ) = (4ಕ್ಷ + 2)/(ಕ್ಷ − 3), ಕ್ಷ ≠ 3, ಎಂದು ಬರೆಯುತ್ತೇವೆ. ಅದಲುಬದಲು ಎಂಬುದು ಹೆಸರಿಡುವ ಕ್ರಮವೇ ಹೊರತು ಲೆಕ್ಕದ ತಿರುಳಲ್ಲ.

ಹಾಗೆ ಹೆಸರು ಬದಲಿಸುವುದು ಸಲ್ಲದ ಸಂದರ್ಭಗಳೂ ಇವೆ. ಸೆಲ್ಸಿಯಸ್ ಉಷ್ಣತೆಯನ್ನು ಫ್ಯಾರನ್‌ಹೀಟ್‌ಗೆ ಬದಲಿಸಲು 9/5ರಿಂದ ಗುಣಿಸಿ 32 ಕೂಡಿಸುತ್ತೇವೆ. ವಿಲೋಮದಲ್ಲಿ 32 ಕಳೆದು 5/9ರಿಂದ ಗುಣಿಸುತ್ತೇವೆ. ಇಲ್ಲಿ ಪ್ರತಿ ಅಕ್ಷರಕ್ಕೂ ಒಂದು ಏಕಮಾನ ಅಂಟಿಕೊಂಡಿದೆ. ಅಕ್ಷರಗಳನ್ನು ಅದಲುಬದಲು ಮಾಡಿದರೆ ಸೆಲ್ಸಿಯಸ್ ಎಂಬ ಹೆಸರಿನಡಿ ಫ್ಯಾರನ್‌ಹೀಟ್ ಸಂಖ್ಯೆ ಬಂದು ಕೂರುತ್ತದೆ. ಆದ್ದರಿಂದ ಭೌತರಾಶಿಗಳಿರುವಲ್ಲಿ ಬೇಕಾದ ರಾಶಿಗೆ ಸಮೀಕರಣವನ್ನು ಬಿಡಿಸಿ ಅಲ್ಲಿಗೇ ನಿಲ್ಲಿಸುವುದು ಸರಿಯಾದ ಕ್ರಮ. ಸಂಯೋಜನೆಯೂ ಇಲ್ಲೇ ಕಾಣಸಿಗುತ್ತದೆ: ಫ್ಯಾರನ್‌ಹೀಟ್ 98.6 ಎಂಬುದು ಮೊದಲ ಹೆಜ್ಜೆಯಲ್ಲಿ ಸೆಲ್ಸಿಯಸ್ 37 ಆಗುತ್ತದೆ, 273.15 ಕೂಡಿಸುವ ಎರಡನೆಯ ಹೆಜ್ಜೆಯಲ್ಲಿ 310.15 ಕೆಲ್ವಿನ್ ಆಗುತ್ತದೆ.

ಹಂತ 8: ಸಂಯೋಜನೆಯಿಂದ ತಾಳೆ ನೋಡುವುದು

ಫ(ಫ⁻¹(ಕ್ಷ)) ಬರೆದು, ಅಂಶ ಮತ್ತು ಛೇದ ಎರಡನ್ನೂ (ಕ್ಷ − 3)ರಿಂದ ಗುಣಿಸಿದರೆ,

ಅಂಶ: 3(4ಕ್ಷ + 2) + 2(ಕ್ಷ − 3) = 14ಕ್ಷ
ಛೇದ: (4ಕ್ಷ + 2) − 4(ಕ್ಷ − 3) = 14

ಆದ್ದರಿಂದ ಫಲಿತಾಂಶ ಕ್ಷ. ಇನ್ನೊಂದು ದಿಕ್ಕನ್ನು ಓದುಗರು ತಾವೇ ಮಾಡಿ ನೋಡಬೇಕು. ಅಲ್ಲಿಯೂ 14 ಬಂದು ಹೊಡೆದುಹೋಗುವುದನ್ನು ಕಣ್ಣಾರೆ ಕಂಡಾಗ ಸಿಗುವ ನಂಬಿಕೆಯೇ ಬೇರೆ. ಸಮಯವಿಲ್ಲದಿದ್ದರೆ ಒಂದು ಸಂಖ್ಯೆಯಿಂದಲಾದರೂ ಪರೀಕ್ಷಿಸಬೇಕು: ಫ(5) = 17, ಫ⁻¹(17) = 70/14 = 5. ಒಂದು ಸಂಖ್ಯೆ ಸರಿಬಂದರೆ ಅದು ಸಾಧನೆ, ಅಂದರೆ ಪುರಾವೆ, ಆಗುವುದಿಲ್ಲ, ಆದರೆ ತಪ್ಪಿದರೆ ಉತ್ತರ ತಪ್ಪು ಎಂಬುದು ಖಚಿತ.

ಹಂತ 9: ಕ್ಷೇತ್ರವನ್ನು ಕತ್ತರಿಸಿ ವಿಲೋಮ ಪಡೆಯುವುದು

ಫ(ಕ್ಷ) = ಕ್ಷ² − 6ಕ್ಷ + 11 ಎಂಬುದು ಎಲ್ಲ ವಾಸ್ತವ ಸಂಖ್ಯೆಗಳ ಮೇಲೆ ಏಕ-ಏಕವಲ್ಲ; ಫ(1) = 6, ಫ(5) ಕೂಡ 6. ವರ್ಗವನ್ನು ಪೂರ್ಣಗೊಳಿಸಿದರೆ ಫ(ಕ್ಷ) = (ಕ್ಷ − 3)² + 2. ಈ ಪರವಲಯ ತಿರುಗುವ ಬಿಂದು ಕ್ಷ = 3ರಲ್ಲಿದೆ. ಅದರ ಬಲಭಾಗವನ್ನು ಮಾತ್ರ, ಅಂದರೆ ಕ್ಷ ≥ 3 ಎಂಬ ಕ್ಷೇತ್ರವನ್ನು ಮಾತ್ರ ಉಳಿಸಿಕೊಂಡರೆ ಫಲನ ಏಕ-ಏಕವಾಗುತ್ತದೆ.

ಯ = (ಕ್ಷ − 3)² + 2 ಎಂಬುದರಿಂದ (ಕ್ಷ − 3)² = ಯ − 2. ಇಲ್ಲಿ ವರ್ಗಮೂಲ ತೆಗೆಯುವಾಗ ಧನವೋ ಋಣವೋ ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಕೊಡುವುದು ಕ್ಷೇತ್ರ. ಕ್ಷ ≥ 3 ಆದ್ದರಿಂದ ಕ್ಷ − 3 ಋಣವಾಗಲಾರದು; ಹೀಗಾಗಿ ಫ⁻¹(ಕ್ಷ) = 3 + √(ಕ್ಷ − 2), ಕ್ಷ ≥ 2. ಎಡಭಾಗವನ್ನು, ಅಂದರೆ ಕ್ಷ ≤ 3 ಎಂಬುದನ್ನು ಆರಿಸಿಕೊಂಡಿದ್ದರೆ 3 − √(ಕ್ಷ − 2) ಎಂದಾಗುತ್ತಿತ್ತು. ಮೊದಲನೆಯದು 6ನ್ನು 5ಕ್ಕೆ ಕಳುಹಿಸುತ್ತದೆ, ಎರಡನೆಯದು 1ಕ್ಕೆ. ಉತ್ತರದಲ್ಲಿ ± ಚಿಹ್ನೆಯನ್ನು ಹಾಗೆಯೇ ಬಿಟ್ಟವರು ಫಲನವನ್ನೇ ಬರೆದಿಲ್ಲ, ಏಕೆಂದರೆ ಫಲನಕ್ಕೆ ಒಂದೇ ಉತ್ತರವಿರಬೇಕು.

ತ್ರಿಕೋನಮಿತಿಯಲ್ಲಿ ನಡೆಯುವುದೂ ಇದೇ. ಸೈನ್ ಫಲನ ಅಲೆಯಂತೆ ಮತ್ತೆ ಮತ್ತೆ ಅದೇ ಬೆಲೆಗಳಿಗೆ ಬರುವುದರಿಂದ ಅದನ್ನು −90° ಇಂದ 90° ವರೆಗೆ ಕತ್ತರಿಸಿ ವಿಲೋಮ ತೆಗೆದಿದ್ದಾರೆ. ಅದರ ಪರಿಣಾಮವಾಗಿ 150°ಯ ಸೈನ್ ತೆಗೆದು, ಬಂದ 1/2ಕ್ಕೆ ವಿಲೋಮ ಸೈನ್ ತೆಗೆದರೆ 150° ಮರಳುವುದಿಲ್ಲ, 30° ಬರುತ್ತದೆ. ಕ್ಯಾಲ್ಕ್ಯುಲೇಟರ್ ತಪ್ಪು ಹೇಳುತ್ತಿದೆ ಎಂದು ಭಾವಿಸಬೇಕಾಗಿಲ್ಲ. 150° ಆ ಕತ್ತರಿಸಿದ ಕ್ಷೇತ್ರದ ಹೊರಗಿದೆ, ಅಷ್ಟೇ. ಘಾತ ಫಲನ 2ರ ಘಾತ ಕ್ಷ ಎಂಬುದಕ್ಕೆ ಇಂಥ ಕತ್ತರಿ ಬೇಕಿಲ್ಲ, ಅದು ಎಲ್ಲೆಡೆ ಏರುತ್ತಲೇ ಹೋಗುತ್ತದೆ; ಅದರ ವಿಲೋಮವೇ ಆಧಾರ 2 ಇರುವ ಲಘುಗಣಕ. ಘಾತ ಫಲನದ ವ್ಯಾಪ್ತಿ ಧನಸಂಖ್ಯೆಗಳಷ್ಟೇ ಆದ್ದರಿಂದ ಸೊನ್ನೆಗಾಗಲಿ ಋಣಸಂಖ್ಯೆಗಾಗಲಿ ವಾಸ್ತವ ಲಘುಗಣಕ ಇಲ್ಲ.

ಹಂತ 10: ಸಂಯೋಜನೆಯ ವಿಲೋಮ

(ಫ∘ಗ)⁻¹ = ಗ⁻¹∘ಫ⁻¹. ಕ್ರಮ ತಿರುಗುತ್ತದೆ ಎಂಬುದನ್ನು ಹಂತ 4ರಲ್ಲಿ ಕೈಯಿಂದಲೇ ಮಾಡಿ ನೋಡಿದ್ದೇವೆ: ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಿದೆವು. ಸಾಧನೆಯೂ ಚಿಕ್ಕದು. ಫ∘ಗ∘ಗ⁻¹∘ಫ⁻¹ ಎಂಬಲ್ಲಿ ಸಹವರ್ತನೀಯ ನಿಯಮದಿಂದ ನಡುವಿನ ಗ∘ಗ⁻¹ ಅನನ್ಯತೆಯಾಗುತ್ತದೆ, ಉಳಿದ ಫ∘ಫ⁻¹ ಕೂಡ ಅನನ್ಯತೆಯಾಗುತ್ತದೆ. ಇನ್ನೊಂದು ದಿಕ್ಕಿನಲ್ಲಿಯೂ ಹಾಗೆಯೇ.

ಫ(ಕ್ಷ) = 2ಕ್ಷ, ಗ(ಕ್ಷ) = ಕ್ಷ + 3 ಆದರೆ (ಫ∘ಗ)(1) = 8. ಸರಿಯಾದ ಕ್ರಮದಲ್ಲಿ 8ನ್ನು ಅರ್ಧ ಮಾಡಿ 3 ಕಳೆದರೆ 1 ಸಿಗುತ್ತದೆ. ತಪ್ಪು ಕ್ರಮದಲ್ಲಿ ಮೊದಲು 3 ಕಳೆದು ಅರ್ಧ ಮಾಡಿದರೆ 5/2 ಸಿಗುತ್ತದೆ.

ಹಂತ 11: ನಕ್ಷೆಯಲ್ಲಿ ವಿಲೋಮ

ಫ-ದ ನಕ್ಷೆಯ ಮೇಲೆ (0, 3) ಎಂಬ ಬಿಂದು ಇದ್ದರೆ ಫ⁻¹-ದ ನಕ್ಷೆಯ ಮೇಲೆ (3, 0) ಇರುತ್ತದೆ. ಎಲ್ಲ ಬಿಂದುಗಳಿಗೂ ಹೀಗೆ ನಿರ್ದೇಶಾಂಕಗಳು ಅದಲುಬದಲಾಗುವುದರಿಂದ, ಎರಡೂ ಅಕ್ಷಗಳಲ್ಲಿ ಒಂದೇ ಅಳತೆಯನ್ನು ತೆಗೆದುಕೊಂಡಾಗ, ಯ = ಕ್ಷ ಎಂಬ ಓರೆಗೆರೆಯನ್ನು ಕನ್ನಡಿಯಂತೆ ಇಟ್ಟರೆ ಒಂದು ನಕ್ಷೆ ಇನ್ನೊಂದರ ಪ್ರತಿಬಿಂಬವಾಗುತ್ತದೆ.

ಇದರಿಂದ ಹಲವರು ಒಂದು ಆತುರದ ನಿರ್ಣಯಕ್ಕೆ ಬರುತ್ತಾರೆ: ಫ ಮತ್ತು ಫ⁻¹ ನಕ್ಷೆಗಳು ಕೂಡುವುದಾದರೆ ಆ ಕನ್ನಡಿಗೆರೆಯ ಮೇಲೆಯೇ ಕೂಡಬೇಕು ಎಂದು. ಏರುತ್ತಲೇ ಹೋಗುವ ಫಲನಗಳಿಗೆ ಇದು ನಿಜ, ಇಳಿಯುವ ಫಲನಗಳಿಗೆ ನಿಜವಾಗಬೇಕಾಗಿಲ್ಲ. ಫ(ಕ್ಷ) = 1 − ಕ್ಷ³ ತೆಗೆದುಕೊಳ್ಳಿ. ಫ(0) = 1, ಫ(1) = 0. ಹೀಗಾಗಿ (0, 1) ಮತ್ತು (1, 0) ಎರಡೂ ಬಿಂದುಗಳು ಫ-ದ ನಕ್ಷೆಯ ಮೇಲೂ ಇವೆ, ಅದರ ವಿಲೋಮವಾದ ∛(1 − ಕ್ಷ) ನಕ್ಷೆಯ ಮೇಲೂ ಇವೆ. ಆದರೆ ಅವೆರಡೂ ಓರೆಗೆರೆಯ ಮೇಲಿಲ್ಲ. ಆದ್ದರಿಂದ ಛೇದಬಿಂದುಗಳನ್ನು ಕೇಳಿದಾಗ ಫ(ಕ್ಷ) = ಕ್ಷ ಎಂದಷ್ಟೇ ಬಿಡಿಸಿ ನಿಲ್ಲಿಸುವ ಮುನ್ನ ಫಲನ ಏರುತ್ತದೆಯೇ ಎಂದು ನೋಡಬೇಕು.

ತಮಗೆ ತಾವೇ ವಿಲೋಮವಾಗಿರುವ ಫಲನಗಳೂ ಇವೆ. 1/ಕ್ಷ, 7 − ಕ್ಷ, ಕ್ಷ/(ಕ್ಷ − 1) ಇವುಗಳನ್ನು ಎರಡು ಸಲ ಪ್ರಯೋಗಿಸಿದರೆ ಹೊರಟಲ್ಲಿಗೇ ಮರಳುತ್ತೇವೆ. ಇವುಗಳ ನಕ್ಷೆ ಕನ್ನಡಿಗೆರೆಯ ಎರಡೂ ಬದಿಗೆ ಸಮವಾಗಿ ಹರಡಿರುತ್ತದೆ. ಮೂರನೆಯದನ್ನು ಕಾಗದದ ಮೇಲೆ ಬಿಡಿಸಿ ನೋಡುವುದು ಸಂಯೋಜನೆಗೂ ವಿಲೋಮಕ್ಕೂ ಒಟ್ಟಿಗೇ ಒಳ್ಳೆಯ ಅಭ್ಯಾಸ.

ಹಂತ 12: ಒಂದು ಪೂರ್ಣ ಲೆಕ್ಕ

ಫ(ಕ್ಷ) = 4 − √(ಕ್ಷ + 1) ಎಂಬುದರ ವಿಲೋಮವನ್ನು ಕಂಡುಹಿಡಿಯೋಣ. ಇದರ ಕ್ಷೇತ್ರ ಕ್ಷ ≥ −1. ವರ್ಗಮೂಲ ಋಣವಾಗದ ಕಾರಣ 4ರಿಂದ ಏನನ್ನೋ ಕಳೆಯುತ್ತಲೇ ಇದ್ದೇವೆ, ಆದ್ದರಿಂದ ವ್ಯಾಪ್ತಿ ಯ ≤ 4. ಕ್ಷ ಹೆಚ್ಚಿದಂತೆ ಫ(ಕ್ಷ) ಇಳಿಯುತ್ತಲೇ ಹೋಗುವುದರಿಂದ ಫಲನ ಏಕ-ಏಕ. ಯ = 4 − √(ಕ್ಷ + 1) ಎಂಬುದರಿಂದ √(ಕ್ಷ + 1) = 4 − ಯ, ಎರಡೂ ಕಡೆ ವರ್ಗ ಮಾಡಿದರೆ ಕ್ಷ = (4 − ಯ)² − 1. ಹೆಸರು ಬದಲಿಸಿದರೆ,

ಫ⁻¹(ಕ್ಷ) = (4 − ಕ್ಷ)² − 1, ಕ್ಷ ≤ 4

ಫ(8) = 4 − 3 = 1, ಫ⁻¹(1) = 9 − 1 = 8. ತಾಳೆಯಾಗುತ್ತದೆ. ಆದರೆ ಕೊನೆಯಲ್ಲಿರುವ ‘ಕ್ಷ ≤ 4’ ಎಂಬ ಷರತ್ತನ್ನು ಬಿಟ್ಟು ಬರೆದವರ ಉತ್ತರ ಪೂರ್ತಿಯಲ್ಲ. ಸೂತ್ರವನ್ನು ಮಾತ್ರ ನೋಡಿದರೆ ಅದು ಯಾವ ಸಂಖ್ಯೆಯನ್ನೂ ತಡೆಯುವುದಿಲ್ಲ; ಅದಕ್ಕೆ 6 ಕೊಟ್ಟರೆ (4 − 6)² − 1 = 3 ಎಂಬ ಉತ್ತರ ಯಾವ ಅಡ್ಡಿಯೂ ಇಲ್ಲದೆ ಬಂದುಬಿಡುತ್ತದೆ. ಆ 3ನ್ನು ಮೂಲ ಫಲನಕ್ಕೆ ಹಿಂತಿರುಗಿಸಿದಾಗ ಫ(3) = 4 − √4 = 2 ಆಗುತ್ತದೆ, 6 ಆಗುವುದಿಲ್ಲ, ಏಕೆಂದರೆ ಫ ಫಲನ ತನ್ನ ಇಡೀ ಕ್ಷೇತ್ರದಲ್ಲಿ ಎಲ್ಲಿಯೂ 6ನ್ನು ತಲುಪುವುದೇ ಇಲ್ಲ.